ಐದು ನಿಮಿಷದ ಹಿದುಕಿದ ಬೇಳೆ

ರಾತ್ರಿ ಅಡುಗೆಗೆ ಅರ್ಧ ಗಂಟೆ ಸಾಕು ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿಯಲು ಮುಖ್ಯ ಕಾರಣವೆಂದರೆ, ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ನಾನು ಒಂದು ದಿನವೂ ರಾತ್ರಿ ಅಡುಗೆ ಮಾಡಿರಲಿಲ್ಲ. ಟಿವಿ ಮುಂದೆ ಕೂತರೆ ಒಳಗೆ ಕುಕ್ಕರ್ ಎರಡು ಸಲ ಕೂಗುತ್ತದೆ, ಒಗ್ಗರಣೆ ಚಟಪಟ ಎನ್ನುತ್ತದೆ, ತಟ್ಟೆ ಬರುತ್ತದೆ. ಇದರಲ್ಲಿ ಕಷ್ಟವೇನಿದೆ?

ನಾನು ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಾರ್ಟ್ ವಾಪಸ್ ಕಳಿಸುವವನು. ಟಿ. ದಾಸರಹಳ್ಳಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಹೆಂಡತಿ ರೇಣುಕಾ ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಟೈಲರ್. ಮಗಳು ಪುಟ್ಟಿ ಏಳನೇ ಕ್ಲಾಸು. ನವೆಂಬರ್ ಕೊನೆಯ ಒಂದು ಶನಿವಾರ ರೇಣುಕಾ ಕೆಲಸದಿಂದ ಬಂದವಳು ಸ್ವೆಟರ್ ಕೂಡ ಬಿಚ್ಚದೆ ನಿಂತುಕೊಂಡು ಹೇಳಿದಳು.

"ನನ್ನನ್ನ ಲೈನ್ ಸೂಪರ್‌ವೈಸರ್ ಮಾಡ್ತಾರಂತೆ ಕಣ್ರೀ."

"ಸಂತೋಷ ತಾನೇ? ಅದನ್ಯಾಕೆ ಅಷ್ಟು ಸಪ್ಪೆ ಮುಖ ಮಾಡ್ಕೊಂಡು ಹೇಳ್ತೀಯ?"

"ಮನೆಗೆ ಬರೋದು ಎಂಟಾಗುತ್ತೆ. ಈ ಚಳೀಲಿ ಆರು ಗಂಟೆಗೆಲ್ಲ ಕತ್ತಲು. ಪುಟ್ಟಿ ಹಸ್ಕೊಂಡು ಕೂತಿರ್ತಾಳೆ. ಒಂದು ವಾರ ಆ ಕೆಲಸ ಮಾಡಿ ನೋಡಿ, ಶುಕ್ರವಾರ ಹೇಳಿ ಅಂದಿದ್ದಾರೆ. ನಾನು ಬೇಡ ಅಂದ್ಬಿಡೋಣ ಅಂತಿದೀನಿ."

ನನಗೆ ಸಿಟ್ಟು ಬಂತು. ಅವಳು ಕೈಹಿಡಿದು ಕಾಲರ್ ಹೊಲಿಯುವುದನ್ನು ಕಲಿಸಿದ ಇಬ್ಬರು ಹುಡುಗಿಯರು ಆಗಲೇ ಸೂಪರ್‌ವೈಸರ್ ಆಗಿ ಅವಳ ಮೇಲೇ ರೇಗುತ್ತಿದ್ದರು. ಈಗ ಅವಳ ಸರದಿ ಬಂದಿದೆ. ಒಂದು ತಪ್ಪಲೆ ಸಾರಿನ ಸಲುವಾಗಿ ಅದನ್ನು ಬಿಡುವುದೇ? ನಾನು ಎದ್ದು ನಿಂತೆ. ಎದ್ದು ನಿಲ್ಲುವ ಅಗತ್ಯವೇನೂ ಇರಲಿಲ್ಲ. ಆದರೂ ನಿಂತೆ.

"ರೇಣು, ಈ ವಾರ ರಾತ್ರಿ ಊಟ ನನ್ನ ಜವಾಬ್ದಾರಿ. ಎಂಟು ಗಂಟೆಗೆ ನೀನು ಚಪ್ಪಲಿ ಬಿಡೋಷ್ಟರಲ್ಲಿ ತಟ್ಟೆ ನಿನ್ನ ಮುಂದೆ ಇರುತ್ತೆ. ಶುಕ್ರವಾರ ಧೈರ್ಯವಾಗಿ ಹೂಂ ಅಂತ ಹೇಳಿ ಬಾ."

ರೇಣುಕಾ ನನ್ನನ್ನು ನೋಡಿದಳು. ಪುಟ್ಟಿ ಅಮ್ಮನನ್ನು ನೋಡಿದಳು. ಅದನ್ನು ನಾನು ಒಪ್ಪಿಗೆ ಎಂದು ಭಾವಿಸಿದೆ.

ಸೋಮವಾರ ಉಪ್ಪಿಟ್ಟು ಮಾಡಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಅದು ಚೆನ್ನಾಗಿಯೇ ಬಂತು. ಇಪ್ಪತ್ತೆರಡು ನಿಮಿಷ! ನನ್ನ ವೃತ್ತಿಯಲ್ಲಿ ಒಂದು ನಿಯಮವಿದೆ. ಒಂದು ವಿಧಾನ ಸರಿಯಾಗಿ ಬಂದ ಮೇಲೆ ಅದನ್ನು ಯಾವ ಕಾರಣಕ್ಕೂ ಬದಲಾಯಿಸಬಾರದು. ಆದ್ದರಿಂದ ಮಂಗಳವಾರವೂ ಉಪ್ಪಿಟ್ಟು ಮಾಡಿದೆ. ಹತ್ತೊಂಬತ್ತು ನಿಮಿಷ. ಬುಧವಾರ ಹದಿನೇಳು ನಿಮಿಷಕ್ಕೆ ಇಳಿಸಿದೆ.

"ಅಪ್ಪಾ, ನಾಳೆ ಏನು?" ಎಂದಳು ಪುಟ್ಟಿ, ಬುಧವಾರದ ತಟ್ಟೆಯನ್ನು ದಿಟ್ಟಿಸುತ್ತಾ.

"ನಾಳೆ ಹದಿನೈದು ನಿಮಿಷಕ್ಕೆ ಪ್ರಯತ್ನ ಮಾಡೋಣ."

"ನಾನು ಏನು ಅಂತ ಕೇಳಿದ್ದು. ಎಷ್ಟು ನಿಮಿಷ ಅಂತ ಅಲ್ಲ."

ರೇಣುಕಾ ಉಪ್ಪಿಟ್ಟನ್ನು ತಟ್ಟೆಯ ಆ ಬದಿಯಿಂದ ಈ ಬದಿಗೆ ತಳ್ಳುತ್ತಿದ್ದಳು. ಮುಖ ಬಾಡಿತ್ತು. "ಶುಕ್ರವಾರ ಬೇಡ ಅಂತಾನೇ ಹೇಳ್ಬಿಡ್ಲಾ?" ಎಂದು ಗೋಡೆಯನ್ನು ಕೇಳುವವಳ ಹಾಗೆ ಕೇಳಿದಳು. ಮೂರು ದಿನದ ಉಪ್ಪಿಟ್ಟು ಅವಳ ಬಡ್ತಿಯನ್ನು ನುಂಗಿ ನೀರು ಕುಡಿಯುತ್ತಿತ್ತು. ಉಳಿದಿದ್ದು ಗುರುವಾರ ಒಂದೇ!

ಆಗ ನನ್ನ ಕಣ್ಣಿಗೆ ಬಿದ್ದಿದ್ದು ಮೂಲೆಯಲ್ಲಿದ್ದ ಚೀಲ. ಅವರೆಕಾಯಿಯ ಕಾಲ. ಅಂದು ಸಂಜೆ ಬಸ್ಸಿಳಿದಾಗ ತುಮಕೂರು ರಸ್ತೆಯ ಉದ್ದಕ್ಕೂ ಕಾಯಿಯ ರಾಶಿ, ಸೊಗಡು ಮೂಗಿಗೆ ಹೊಡೆಯುತ್ತಿತ್ತು. ಸುಮ್ಮನೆ ಇರಲಾರದೆ ನಾಲ್ಕು ಕಿಲೋ ಹೊತ್ತು ತಂದಿದ್ದೆ. ರೇಣುಕಾ ದೊಡ್ಡಬಳ್ಳಾಪುರದ ಕಡೆಯವಳು. ಚಳಿಗಾಲದಲ್ಲಿ ಅವಳಿಗೆ ಹಿದುಕಿದ ಬೇಳೆ ಸಾರು, ಬಿಸಿ ಮುದ್ದೆ ಇದ್ದರೆ ಬೇರೇನೂ ಬೇಡ. ನಾನು ಗದಗದ ಕಡೆಯವನು. ನಮ್ಮ ಮನೆಯಲ್ಲಿ ಅವರೆಯನ್ನು ಹೀಗೆ ಹಿದುಕಿದ್ದು ನಾನು ಕಂಡಿಲ್ಲ. ಇಲ್ಲಿಗೆ ಬಂದ ಮೇಲೆ ಸಾರು ತಿಂದಿದ್ದೇನೆ, ಎರಡು ಸಲ ಹಾಕಿಸಿಕೊಂಡಿದ್ದೇನೆ. ಕಾಳನ್ನು ನೆನೆಹಾಕಿ ಸಿಪ್ಪೆ ತೆಗೆಯುತ್ತಾರೆ ಎಂಬಷ್ಟು ಗೊತ್ತಿತ್ತು. ಅಷ್ಟೇ ತಾನೇ?

ಮೂವರೂ ಕೂತು ಕಾಯಿ ಸುಲಿದೆವು. ಕಾಳು ಒಂದು ಬಕೆಟ್ಟಿನ ತಳ ತುಂಬಿತು. "ಏನು ಮಾಡ್ತೀರಾ ಇಷ್ಟನ್ನ?" ಎಂದಳು ರೇಣುಕಾ. "ನಾಳೆ ನೋಡುವಿಯಂತೆ," ಎಂದೆ ಗಂಭೀರವಾಗಿ. ಗುರುವಾರ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಅಷ್ಟನ್ನೂ ನೆನೆಹಾಕಿ ಹೋದೆ.

ಗುರುವಾರ ಸಂಜೆ ಐದೂಮುಕ್ಕಾಲಿಗೆ ಬಕೆಟ್ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಮೊದಲನೆಯ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದೆ. ಬೇಳೆ ಸುಯ್ಯೆಂದು ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಸಿಪ್ಪೆ ನನ್ನ ಕೈಯಲ್ಲಿ ಉಳಿಯಿತು. ಎರಡನೆಯದು ಪುಟ್ಟಿಯ ಗಣಿತದ ಪುಸ್ತಕದ ಮೇಲೆ ಬಿತ್ತು. ಮೂರನೆಯದು ಪಾತ್ರೆಗೇ ಬಿದ್ದಾಗ ಇಬ್ಬರೂ ಚಪ್ಪಾಳೆ ತಟ್ಟಿದೆವು. ಹತ್ತು ನಿಮಿಷದ ನಂತರ ವಾಚ್ ನೋಡಿ ಲೆಕ್ಕ ಹಾಕಿದೆ. ನಿಮಿಷಕ್ಕೆ ಹದಿನಾಲ್ಕು ಕಾಳು. ಈ ವೇಗದಲ್ಲಿ ಬಕೆಟ್ ಖಾಲಿಯಾಗುವ ಹೊತ್ತಿಗೆ ಎಂಟೂವರೆ! ಆಮೇಲೆ ಮಸಾಲೆ ರುಬ್ಬಬೇಕು, ಸಾರು ಕುದಿಯಬೇಕು, ಮುದ್ದೆ ತೊಳಸಬೇಕು. ಹೆಬ್ಬೆರಳಿನ ಉಗುರು ಆಗಲೇ ಉರಿಯುತ್ತಿತ್ತು. ಹೊರಗೆ ಕತ್ತಲು ಇಳಿಯುತ್ತಿತ್ತು.

ಆ ಕ್ಷಣದಲ್ಲಿ ನನ್ನ ಹದಿನಾರು ವರ್ಷದ ಅನುಭವ ನನ್ನ ನೆರವಿಗೆ ಬಂತು. ಬರದೇ ಇದ್ದಿದ್ದರೆ ಒಳ್ಳೆಯದಿತ್ತು.

ನಮ್ಮ ಶಾಪ್‌ನಲ್ಲಿ ಸಣ್ಣ ಪಾರ್ಟ್‌ಗಳ ಅಂಚಿನಲ್ಲಿ ಉಳಿದ ಚೂರನ್ನು ಒಂದೊಂದಾಗಿ ಕೈಯಲ್ಲಿ ಉಜ್ಜಿ ತೆಗೆಯುತ್ತೇವೆಯೇ? ಇಲ್ಲ! ಸಾವಿರ ಪಾರ್ಟ್‌ಗಳನ್ನು ಒಟ್ಟಿಗೆ ಒಂದು ಪೀಪಾಯಿಗೆ ಹಾಕಿ ತಿರುಗಿಸುತ್ತೇವೆ. ಒಂದಕ್ಕೊಂದು ಉಜ್ಜಿಕೊಂಡು ತಾವೇ ನಯವಾಗಿ ಹೊರಬರುತ್ತವೆ. ಹಾಗಿದ್ದ ಮೇಲೆ ಅವರೆಕಾಳು ಯಾವ ದೊಡ್ಡ ವಿಷಯ? ತಿರುಗುವ ಪೀಪಾಯಿಯೊಂದು ನಮ್ಮ ಮನೆಯಲ್ಲೂ ಇದೆ. ಹಿತ್ತಲ ಬಾಲ್ಕನಿಯಲ್ಲಿ, ರೇಣುಕಾ ಕಂತು ಕಟ್ಟಿ ತಂದ ವಾಷಿಂಗ್ ಮೆಷಿನ್!

"ಅಪ್ಪಾ, ಬೇಡ," ಎಂದಳು ಪುಟ್ಟಿ.

"ಇದು ವಿಜ್ಞಾನ ಕಣೇ. ನಿನ್ನ ಪುಸ್ತಕದಲ್ಲಿ ಘರ್ಷಣೆ ಅಂತ ಪಾಠ ಇದೆಯೋ ಇಲ್ವೋ?"

"ಇದೆ. ಅದರಲ್ಲಿ ಅವರೆಕಾಳು ಇಲ್ಲ. ಅಮ್ಮಂಗೆ ಫೋನ್ ಮಾಡ್ಲಾ?"

"ಮಾಡಿದ್ರೆ ನೋಡು!"

ನಾನೇನು ಅಷ್ಟು ಪೆದ್ದನಲ್ಲ. ಕಾಳನ್ನು ಹಾಗೇ ಸುರಿಯಲಿಲ್ಲ. ಒಗೆದು ಮಡಚಿಟ್ಟ ದಿಂಬಿನ ಕವರ್ ತೆಗೆದುಕೊಂಡು, ಅದರೊಳಗೆ ಕಾಳು ತುಂಬಿ, ಗುಂಡಿ ಹಾಕಿ, ಮೇಲೊಂದು ದಾರ ಕಟ್ಟಿದೆ. ಮೆಷಿನ್‌ಗೆ ನೀರು ಬಿಟ್ಟೆ. ರೇಷ್ಮೆ ಸೀರೆಗೆಂದು ಇರುವ ಮೆಲ್ಲನೆಯ ಒಗೆತಕ್ಕೆ ತಿರುವಿ ಐದು ನಿಮಿಷ ಇಟ್ಟೆ. ಯಂತ್ರದ ಹೊಟ್ಟೆಯೊಳಗೆ ಗುಡುಗುಡು ಸದ್ದು ಶುರುವಾಯಿತು. ಎಂಥ ಆನಂದದ ಸದ್ದು! ಮುಂದಿನ ವಾರ ಇಡೀ ದಾಸರಹಳ್ಳಿಯ ಹೆಂಗಸರು ಬಕೆಟ್ ಹಿಡಿದು ನಮ್ಮ ಬಾಗಿಲ ಮುಂದೆ ಸಾಲುಗಟ್ಟಿ ನಿಂತಂತೆ ಕಂಡಿತು.

ಮೂರನೆಯ ನಿಮಿಷಕ್ಕೆ ಸದ್ದು ಬದಲಾಯಿತು. ಗುಡುಗುಡು ಹೋಗಿ ಪಟಪಟ ಬಂತು, ಆಲಿಕಲ್ಲು ತಗಡಿನ ಮೇಲೆ ಬಿದ್ದ ಹಾಗೆ. ಮುಚ್ಚಳ ತೆಗೆದೆ. ದಿಂಬಿನ ಕವರ್ ಗುಂಡಿ ಕಿತ್ತುಕೊಂಡು ಖಾಲಿಯಾಗಿ ತೇಲುತ್ತಿತ್ತು. ಕಾಳುಗಳು ಸ್ವತಂತ್ರವಾಗಿ ಸುತ್ತುತ್ತಿದ್ದವು. ಅವುಗಳ ಮೇಲೆ ಗೇಣುದ್ದ ನೊರೆ! ಯಂತ್ರದ ಹೊಟ್ಟೆಯಲ್ಲಿ ಎಷ್ಟು ತಿಂಗಳ ಸೋಪಿನ ಪುಡಿ ಅಂಟಿಕೊಂಡಿತ್ತೋ, ಅಷ್ಟೂ ನನ್ನ ಸಾರಿಗೆ ಬಂದು ಸೇರಿತ್ತು. ವರ್ತೂರು ಕೆರೆಯ ನೊರೆಯನ್ನು ಟಿವಿಯಲ್ಲಿ ನೋಡಿ "ಎಂಥ ಜನ ಅಪ್ಪಾ ಅಲ್ಲಿಯವರು" ಎಂದು ಬೈದವನು ನಾನು.

ಆದರೆ ಸತ್ಯ ಹೇಳಬೇಕು. ಅರ್ಧ ಕಾಳಿನ ಸಿಪ್ಪೆ ನಿಜವಾಗಿಯೂ ಬಿಟ್ಟಿತ್ತು! ಉಳಿದರ್ಧ ಜಜ್ಜಿ ಚಟ್ನಿಯಾಗಿತ್ತು ಎಂಬುದು ಬೇರೆ ಮಾತು.

ಮೊದಲು ಈ ಸೋಪಿನ ನೀರು ಹೋಗಲಿ ಎಂದು ನೀರು ಹೊರಬಿಡುವ ಗುಂಡಿ ತಿರುವಿದೆ. ನೀರು ಹೋಯಿತು. ನೀರಿನ ಜೊತೆ ಸಿಪ್ಪೆ ಹೋಯಿತು. ಸಿಪ್ಪೆಯ ಜೊತೆ ಜಜ್ಜಿದ ಕಾಳು ಹೋಯಿತು. ಎಲ್ಲವೂ ಪೈಪಿನಲ್ಲಿ ಇಳಿದು ಕಣ್ಮರೆಯಾದಾಗ ಒಂದು ಸಮಸ್ಯೆ ಕಳೆಯಿತು ಎಂದುಕೊಂಡೆ. ಆ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಪೈಪು ಹೋಗುತ್ತಿದ್ದದ್ದು ಕೆಳಗಿನ ಅಂಗಳದ ಮೋರಿಗೆ. ಮೋರಿಯ ಪಕ್ಕದ ಕಲ್ಲಿನ ಮೇಲೆ ನಮ್ಮ ಮನೆ ಓನರ್ ಮುನಿಯಮ್ಮ ಕೂತು ಪಾತ್ರೆ ತಿಕ್ಕುತ್ತಿದ್ದರು. ಎಪ್ಪತ್ತು ದಾಟಿದ ಗಟ್ಟಿ ಜೀವ. ಈ ಬೀದಿಯಲ್ಲಿ ಅವರದ್ದೇ ನಾಲ್ಕು ಮನೆ ಇವೆ, ಆದರೂ ಪಾತ್ರೆಯನ್ನು ಇನ್ನೊಬ್ಬರ ಕೈಗೆ ಕೊಡುವವರಲ್ಲ.

"ಏಯ್, ಮೇಲಿನ ಮನೆಯೋರೇ! ಏನ್ರಪ್ಪಾ ಇದು!"

ಕೆಳಗೆ ಬಗ್ಗಿ ನೋಡಿದೆ. ಮೋರಿಯ ಜಾಲರಿ ಕಟ್ಟಿಕೊಂಡಿತ್ತು. ಮುನಿಯಮ್ಮನವರ ಸುತ್ತ ಬಿಳಿ ನೊರೆ ಏರುತ್ತಿತ್ತು. ನೊರೆಯ ಮೇಲೆ ಹಸಿರು ಸಿಪ್ಪೆಗಳು ದೋಣಿಗಳಂತೆ ತೇಲುತ್ತಿದ್ದವು. ಅವರ ಮುದ್ದೆಯ ಪಾತ್ರೆ ಗೇಟಿನ ಕಡೆಗೆ ಪ್ರಯಾಣ ಬೆಳೆಸಿತ್ತು. ನನಗೆ ಗಾಬರಿಯಾದರೆ ಹದಿನಾರು ವರ್ಷದ ಬೆಂಗಳೂರು ಮರೆತುಹೋಗಿ ಬಾಯಲ್ಲಿ ಊರಿನ ಮಾತೇ ಬರುತ್ತದೆ.

"ಏನಿಲ್ಲ ಬೇ ಯವ್ವಾ! ಬಂದೆ, ಬಂದೆ!"

ಕೋಲು ಹಿಡಿದು ಕೆಳಗೋಡಿದೆ. ಮೊಣಕೈವರೆಗೆ ಮೋರಿಗೆ ಕೈಹಾಕಿ ಬೇಳೆ ಬಾಚಿದೆ. ಮುನಿಯಮ್ಮ ಸೀರೆ ಎತ್ತಿ ಕಟ್ಟಿ, ಮೆಟ್ಟಿಲ ಮೇಲೆ ನಿಂತು ನನ್ನ ಕೆಲಸದ ತಪಾಸಣೆ ನಡೆಸಿದರು.

"ಇಷ್ಟು ಒಳ್ಳೆ ಕಾಳು! ಯಾಕಪ್ಪಾ ಮೋರಿಗೆ ಸುರಿದೆ?"

"ಸುರೀಲಿಲ್ಲ ಅಮ್ಮ. ಹಿದುಕಿದ ಬೇಳೆ ಮಾಡ್ತಿದ್ದೆ."

"ಎಲ್ಲಿ?"

ಹೇಳಲೋ ಬೇಡವೋ ಎಂದು ನೋಡಿದೆ. ಮೇಲಿನಿಂದ ಪುಟ್ಟಿ ಕೂಗಿ ಹೇಳಿಯೇಬಿಟ್ಟಳು. "ವಾಷಿಂಗ್ ಮೆಷಿನ್‌ನಲ್ಲಿ ಅಜ್ಜೀ!"

ಮುನಿಯಮ್ಮ ತಲೆ ಚಚ್ಚಿಕೊಂಡರು. ಆಮೇಲೆ ಮೆಟ್ಟಿಲ ಮೇಲೆಯೇ ಕೂತರು.

"ಈ ಮನೆ ಐತಲ್ಲಪ್ಪಾ, ಈ ಜಾಗ್ದಾಗೇ ನಾವು ಅವರೆ ಬೆಳೀತಿದ್ವಿ. ಮದುವೆ ಆಗಿ ಬಂದಾಗ್ನಿಂದ ಇದುಕಿವ್ನಿ. ನಮ್ಮತ್ತೆ ಇದುಕ್ತಿದ್ಲು, ಅವಳತ್ತೆ ಇದುಕ್ತಿದ್ಲು. ಯಾರೂ ಸೋಪ್ ಆಕಿ ಒಗೆದಿರ್ನಿಲ್ಲ."

"ಟೈಮ್ ಇರ್ಲಿಲ್ಲ ಅಮ್ಮ. ಅಷ್ಟು ದೊಡ್ಡ ಬಕೆಟ್ಟು..."

"ಮನೇಲಿ ಎಷ್ಟು ಜನ ನೀವು?"

"ಮೂರು."

"ಮೂರು ಜನಕ್ಕೆ ಒಂದು ಬಟ್ಟಲು ಇದುಕಿದ್ರೆ ಸಾಕಲ್ಲಪ್ಪಾ! ಅರ್ಧ ಗಂಟೆ ಕೆಲ್ಸ. ಬಕೆಟ್ ಪೂರ್ತಿ ಇವತ್ತೇ ಇದುಕು ಅಂತ ನಿಂಗೆ ಯಾರೇಳಿದ್ರು? ಅದೂ ಬ್ಯಾಡ ಅಂದ್ರೆ ಮೇನ್ ರೋಡ್‌ನಾಗೆ ಇದುಕಿದ್ ಬೇಳೇನೇ ಗುಡ್ಡೆ ಆಕ್ಕೊಂಡು ಮಾರ್ತಾರೆ."

ನಾನು ಮೋರಿಯಲ್ಲಿ ಕೈ ಇಟ್ಟುಕೊಂಡೇ ಯೋಚಿಸಿದೆ. ಒಂದು ಬಟ್ಟಲು! ಲೆಕ್ಕ ಹಾಕುವಾಗ ವೇಗ ಹಾಕಿದ್ದೆ, ಕಾಳು ಹಾಕಿದ್ದೆ, ಗಡಿಯಾರ ಹಾಕಿದ್ದೆ. ಊಟಕ್ಕೆ ಎಷ್ಟು ಬೇಕು ಎಂಬುದನ್ನು ಮಾತ್ರ ಹಾಕಿರಲಿಲ್ಲ. ಮಾರುವ ಬೇಳೆಯನ್ನೂ ನೋಡಿದ್ದೆ. ಯಾರೋ ಹಿದುಕಿದ್ದು, ಅದರ ಕ್ವಾಲಿಟಿ ಹೇಗೋ ಏನೋ ಎಂದು ಮೂಗು ಮುರಿದು ಮುಂದೆ ಬಂದವನು ನಾನೇ.

ಮೋರಿ ಬಿಡಿಸಿ, ಮುನಿಯಮ್ಮನವರ ಪಾತ್ರೆಗಳನ್ನೆಲ್ಲ ತೊಳೆದುಕೊಟ್ಟು ಮೇಲೆ ಬಂದಾಗ ಏಳು ಗಂಟೆ. ಇಷ್ಟಾದ ಮೇಲೆ ಬುದ್ಧಿ ಇರುವವನು ಸೋಲು ಒಪ್ಪಿಕೊಳ್ಳುತ್ತಿದ್ದ. ಆದರೆ ಮೆಷಿನ್‌ನ ತಳದಲ್ಲಿ ಇನ್ನೂ ಎರಡು ಹಿಡಿ ಒಳ್ಳೆಯ ಬೇಳೆ ಉಳಿದಿತ್ತು. ಹನ್ನೊಂದು ಸಲ ತೊಳೆದೆ. ನೀರು ತಿಳಿಯಾಯಿತು. ಮೂಸಿ ನೋಡಿದೆ. ಏನೂ ವಾಸನೆ ಇಲ್ಲ. ಅಂದರೆ, ಮೋರಿಯಲ್ಲಿ ಅಷ್ಟು ಹೊತ್ತು ಇದ್ದು ಬಂದ ಮೂಗಿಗೆ ಏನೂ ತಿಳಿಯಲಿಲ್ಲ. ತೆಂಗಿನಕಾಯಿ, ಕೊತ್ತಂಬರಿ, ಚಕ್ಕೆ, ಲವಂಗ ರುಬ್ಬಿ ಹಾಕಿ ಕುಕ್ಕರ್ ಮುಚ್ಚಿದೆ.

ಕುಕ್ಕರ್ ಕೂಗಲಿಲ್ಲ. ಬುಸುಗುಟ್ಟಿತು. ವಿಷಲ್‌ನ ಸಂದಿಯಿಂದ ಪುಟ್ಟ ಪುಟ್ಟ ಗುಳ್ಳೆಗಳು ಹೊರಟು, ಒಂದೊಂದಾಗಿ ಅಡುಗೆಮನೆಯಲ್ಲಿ ತೇಲಿದವು. ಪುಟ್ಟಿ ಒಂದನ್ನು ಬೆರಳಿನಿಂದ ಒಡೆದಳು.

"ಅಪ್ಪಾ, ಸಾರು ಚೆನ್ನಾಗಿ ಹಾರ್ತಿದೆ."

ಎಂಟು ಹತ್ತಕ್ಕೆ ರೇಣುಕಾ ಬಂದಳು. ಕಾಲು ಊದಿಕೊಂಡಿತ್ತು. ಚಪ್ಪಲಿ ಬಿಟ್ಟವಳು ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದಳು. ಮುಖದಲ್ಲಿ ಒಂದು ಬೆಳಕು ಬಂತು. "ಹಿದುಕಿದ ಬೇಳೇನಾ ರೀ? ನನಗೋಸ್ಕರ?" ಎಂದಳು. ಆ ದನಿ ಕೇಳಿ ನನಗೆ ಅಳುವೇ ಬಂತು. ಕೈಕಾಲು ತೊಳೆದು ಬಂದು ಕೂತಳು. ಸಾರಿನ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ಮೂಸಿದಳು.

"ರೀ, ಸಾರಲ್ಲಿ ಮಲ್ಲಿಗೆ ಹೂವಿನ ವಾಸನೆ ಯಾಕೆ ಬರ್ತಿದೆ?"

ನಮ್ಮ ಮನೆಗೆ ಬರುವ ಸೋಪಿನ ಪುಡಿಯ ಪೊಟ್ಟಣದ ಮೇಲೆ ದೊಡ್ಡ ಮಲ್ಲಿಗೆಯ ಚಿತ್ರವಿದೆ. ನಾನು ಪಾತ್ರೆಯನ್ನು ಅವಳ ಮುಂದಿನಿಂದ ಎಳೆದುಕೊಂಡೆ. "ತಿನ್ಬೇಡ ರೇಣು. ಯಾರೂ ತಿನ್ಬೇಡಿ," ಎಂದೆ. ಸಾರನ್ನು ಚೆಲ್ಲಿದೆ. ನಿಮಗೆ ಎಲ್ಲಿ ಎಂಬ ಅನುಮಾನ ಬಂದಿದ್ದರೆ, ಮೋರಿಗಲ್ಲ. ಅಷ್ಟು ಬುದ್ಧಿ ಬಂದಿತ್ತು. ಆಮೇಲೆ ಬಾಣಲೆ ಇಟ್ಟು ರವೆ ಹುರಿದೆ. ಹದಿನಾಲ್ಕು ನಿಮಿಷ. ಅಲ್ಲಿಯವರೆಗಿನ ದಾಖಲೆ. ಅಂದು ಯಾರಿಗೂ ಹೇಳಲಿಲ್ಲ.

ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಪುಟ್ಟಿ ಎಲ್ಲವನ್ನೂ ನಟಿಸಿ ತೋರಿಸಿದಳು. ಟ್ಯೂಬ್‌ಲೈಟಿನಿಂದ ಶುರು ಮಾಡಿ ಮೋರಿಯವರೆಗೆ, ನನ್ನ "ಬೇ ಯವ್ವಾ" ಸಮೇತ. ರೇಣುಕಾ ಮೊದಲು ದಿಂಬಿನ ಕವರ್ ಯಾವುದು ಎಂದು ಕೇಳಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನಾನು ತಲೆ ತಗ್ಗಿಸಿ ಕೂತಿದ್ದೆ.

"ನನ್ನಿಂದ ಆಗ್ಲಿಲ್ಲ ರೇಣು," ಎಂದೆ. "ನಾಳೆ ಬೇಡ ಅಂತ ಹೇಳ್ತೀಯಲ್ಲ? ನನ್ನಿಂದಾನೇ ಆಯ್ತು."

ಅವಳು ಕಣ್ಣೊರೆಸಿಕೊಂಡಳು.

"ಊಟದ ಚಿಂತೆ ನಂಗೆ ಇರ್ಲೇ ಇಲ್ಲ ಕಣ್ರೀ. ಒಂದು ಅನ್ನ, ತಿಳಿಸಾರು ಮಾಡಿದ್ರೂ ನಡೀತಿತ್ತು. ಊಟ ಅನ್ನೋದು ಒಂದು ನೆಪ. ನಂಗೆ ಭಯ. ನಲವತ್ತು ಜನ ಹೆಂಗಸರ ಮುಂದೆ ನಿಂತ್ಕೊಂಡು ಹೀಗೆ ಮಾಡಿ ಅಂತ ಹೇಳ್ಬೇಕು. ನಾನು ಒಂದು ತಪ್ಪು ಹೇಳಿದ್ರೆ ಇಡೀ ಲಾಟ್ ಬಟ್ಟೆ ಹಾಳು. ಎಲ್ಲಾರೂ ನಗ್ತಾರೆ. ಅದಕ್ಕೇ ಬೇಡ ಅನ್ನೋಣ ಅಂತಿದ್ದೆ."

ನಾಲ್ಕು ದಿನದಿಂದ ರವೆ ಹುರಿದಿದ್ದೇ ಹುರಿದಿದ್ದು. ಎದುರಿಗೆ ಕೂತವಳ ಭಯ ಮಾತ್ರ ಈ ಇನ್‌ಸ್ಪೆಕ್ಟರ್ ಕಣ್ಣಿಗೆ ಬಿದ್ದಿರಲಿಲ್ಲ.

"ಮತ್ತೆ ಈಗ?" ಎಂದೆ ಮೆಲ್ಲಗೆ.

"ಈಗ ಹೂಂ ಅಂತ ಹೇಳ್ತೀನಿ."

"ಅದು ಹೇಗೆ?"

ರೇಣುಕಾ ಉಪ್ಪಿಟ್ಟಿನ ಕೊನೆಯ ತುತ್ತು ಬಾಯಿಗೆ ಹಾಕಿಕೊಂಡು, ನನ್ನನ್ನು ತಲೆಯಿಂದ ಕಾಲಿನವರೆಗೆ ಪ್ರೀತಿಯಿಂದ ನೋಡಿದಳು.

"ನಿಮ್ಮನ್ನ ಹದಿನಾರು ವರ್ಷದಿಂದ ಇನ್‌ಸ್ಪೆಕ್ಟರ್ ಅಂತ ಇಟ್ಕೊಂಡಿದ್ದಾರಲ್ಲ. ಆ ಫ್ಯಾಕ್ಟರಿ ಇವತ್ತಿಗೂ ನಡೀತಿದೆ. ಅಂದ್ಮೇಲೆ ನಾನ್ಯಾಕೆ ಹೆದರ್ಬೇಕು?"

ಮರುದಿನ ಅವಳು ಹೂಂ ಎಂದು ಹೇಳಿ ಬಂದಳು. ಈಗ ಎರಡು ಲೈನ್ ನೋಡಿಕೊಳ್ಳುತ್ತಾಳೆ. ಹೆಂಡತಿಯ ಏಳಿಗೆಗೆ ನಾನೇ ಕಾರಣ ಎಂದು ನೆಂಟರಿಷ್ಟರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ, ಅವಳೂ ಅದನ್ನು ಅಲ್ಲಗಳೆಯುವುದಿಲ್ಲ. ಹೇಗೆ ಎಂದು ಯಾರಾದರೂ ಕೇಳಿದರೆ ಮಾತ್ರ, ನಾನು ನೀರು ಕುಡಿಯಲು ಒಳಗೆ ಹೋಗುತ್ತೇನೆ.